ಮನೆಮಂದಿಯೆಲ್ಲ ಸೇರಿ ಕೊಟ್ಟ ಇಂಟರ್‌ವ್ಯೂ

ನಮ್ಮ ಮನೆಯಲ್ಲಿ ಒಬ್ಬರ ಕೆಲಸವನ್ನು ಒಬ್ಬರೇ ಮಾಡಿದ್ದು ನನಗೆ ನೆನಪಿಲ್ಲ. ಒಬ್ಬರಿಗೆ ಜ್ವರ ಬಂದರೆ ಉಳಿದವರೆಲ್ಲ ಸರದಿಯ ಮೇಲೆ ಅವರ ಹಣೆ ಮುಟ್ಟಿ, ಆಮೇಲೆ ತಮ್ಮ ತಮ್ಮ ಹಣೆ ಮುಟ್ಟಿ ನೋಡಿಕೊಂಡು, ಎಲ್ಲರೂ ಮಲಗಿಬಿಡುತ್ತಾರೆ. ಹೀಗಿರುವಾಗ ನಾನೊಬ್ಬಳೇ ಹೋಗಿ ಒಂದು ಇಂಟರ್‌ವ್ಯೂ ಕೊಟ್ಟು ಬರುತ್ತೇನೆ ಅಂದುಕೊಂಡದ್ದು ಬರೀ ಭ್ರಮೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ಮಗಳು ಹುಟ್ಟಿದಾಗ ನೌಕರಿ ಬಿಟ್ಟೆ. ಅವಳನ್ನು ಶಾಲೆಗೆ ಹಚ್ಚಿ ಮತ್ತೆ ಹೋಗೋಣ ಅನ್ನುವಷ್ಟರಲ್ಲಿ ಮಗ ಹುಟ್ಟಿದ. ಈ ವರ್ಷ ಅವನೂ ಇಡೀ ದಿನದ ಶಾಲೆಗೆ ಹೋಗತೊಡಗಿದ. ಮೊದಲ ದಿನ ಅವನು ಹೋದಮೇಲೆ ಮನೆ ಎಷ್ಟು ಸುಮ್ಮನಾಯಿತೆಂದರೆ, ಫ್ರಿಜ್ಜು ಗುಂಯ್ ಅನ್ನುತ್ತದೆ ಅನ್ನುವುದು ನನಗೆ ಅವತ್ತೇ ಗೊತ್ತಾದದ್ದು. ಇನ್ನೂ ಒಂದೆರಡು ವರ್ಷ ಹೀಗೇ ಕೂತರೆ ಕರೆಯುವವರೂ ಇರುವುದಿಲ್ಲ, ಹೋಗುವ ಧೈರ್ಯವೂ ಇರುವುದಿಲ್ಲ ಅನಿಸಿತು. ಅಷ್ಟರಲ್ಲಿ ಕಮಲಾಪುರದ ಒಂದು ಖಾಸಗಿ ಶಾಲೆಗೆ ವಿಜ್ಞಾನ ಶಿಕ್ಷಕಿ ಬೇಕಾಗಿದ್ದಾರೆ ಅಂತ ತಿಳಿಯಿತು. ನಾವಿರುವ ಕಲಬುರಗಿಯಿಂದ ಬಸ್ಸಿನಲ್ಲಿ ತಾಸಿನ ದಾರಿ. ಅರ್ಜಿ ಹಾಕಿಯೇ ಬಿಡೋಣ ಅಂದುಕೊಂಡೆ.

ಹವ್ಯಾಸ

ಬಯೋಡಾಟಾ ಮಾಡಿಸಲು ಸೂಪರ್ ಮಾರ್ಕೆಟ್ ಕಡೆಯ ಒಂದು ಝೆರಾಕ್ಸ್ ಅಂಗಡಿಗೆ ಹೋದೆ. ಕಂಪ್ಯೂಟರ್ ಮುಂದೆ ಕೂತವನು ಮುಖ ನೋಡದೆ ಕೇಳಿದ:

"ನೌಕರಿ ಯಾವಾಗ ಬಿಟ್ರಿ ಮೇಡಮ್?"

"ಹನ್ನೆರಡು ವರ್ಷ ಆಯ್ತು."

"ಅಲ್ಲಿಂದ ಇಲ್ಲೀತನಕ ಏನಂತ ಬರೀಲಿ?"

"ಮನ್ಯಾಗಿದ್ದೆ ಅಂತ ಬರೀರಿ."

"ಹಂಗ ಬರದ್ರ ಖಾಲಿ ಕುಂತಿದ್ರಿ ಅಂತಾರ್ರೀ. 'ಹೋಮ್ ಮ್ಯಾನೇಜರ್' ಅಂತ ಹಾಕ್ತೀನಿ. ಮೊನ್ನೆ ಇನ್ನೊಬ್ಬರಿಗೂ ಹಂಗೇ ಹಾಕಿ ಕೊಟ್ಟೆ."

"ಅವರಿಗೆ ನೌಕರಿ ಸಿಕ್ತೇನು?"

"ಸಿಕ್ತ್ರೀ. ಒಂದು ಲಾಡ್ಜಿನಾಗ."

ಬೇಡಪ್ಪಾ, ಗೃಹಿಣಿ ಅಂತಲೇ ಬರಿ ಅಂದೆ. ನನ್ನ ಹಿಂದೆ ನಿಂತವರು ಆಧಾರ್ ಕಾರ್ಡಿನಿಂದ ಗಾಳಿ ಹಾಕಿಕೊಳ್ಳುತ್ತ ಗಡಿಬಿಡಿ ಮಾಡುತ್ತಿದ್ದರು. ಅವನು ಕೊನೆಗೆ, "ಹವ್ಯಾಸ ಏನ್ರೀ?" ಅಂದ. ತಲೆ ಕೆಟ್ಟಿತ್ತು. "ನಿದ್ದಿ" ಅಂದುಬಿಟ್ಟೆ. ಅವನು ನಗಲಿಲ್ಲ. ಪ್ರಿಂಟ್ ತೆಗೆದು ಕೊಟ್ಟ. ನಾನೂ ಓದದೆ ಕವರಿಗೆ ಹಾಕಿ ಕಳಿಸಿದೆ.

ಮನೆಗೆ ಬಂದಮೇಲೆ ಮಗಳು ಉಳಿದ ಪ್ರತಿ ಓದಿ, "ಮಮ್ಮಿ, ಹಾಬೀಸ್ ಅಂತಲ್ಲಿ ಸ್ಲೀಪಿಂಗ್ ಅಂತ ಅದಲ್ಲಾ?" ಅಂದಳು. ನಮ್ಮ ಯಜಮಾನರು ಅದನ್ನು ಕಸಿದುಕೊಂಡು ಮೇಲಿಂದ ಕೆಳಗಿನವರೆಗೆ ನೋಡಿದರು.

"ಉಳಿದದ್ದೆಲ್ಲ ಸರಿ ಅದ. ಇದೊಂದು ಸುಳ್ಳು ಬರ್ದೀ. ಮದುವಿ ಆದಾಗಿಂದ ನೀ ನಿದ್ದಿ ಮಾಡಿದ್ದು ನಾ ನೋಡೇ ಇಲ್ಲ."

"ನೀವು ನನಗಿಂತ ಮೊದ್ಲು ಮಲಗಿ, ನಾ ಎದ್ದ ಮ್ಯಾಲೆ ಏಳ್ತೀರಿ. ಹೆಂಗ ನೋಡ್ತೀರಿ?" ಅಂದೆ.

ರಾಂಗ್ ನಂಬರ್

ಒಂದು ವಾರದ ಮೇಲೆ, ಪುಂಡಿಪಲ್ಲೆ ಕುದಿಯುತ್ತಿದ್ದಾಗ, ಫೋನ್ ಬಂತು. ಆ ಕಡೆಯಿಂದ ಒಬ್ಬ ಹೆಣ್ಣುಮಗಳು ಯಾವುದೋ ಹೆಂಗಸಿನ ಹೆಸರು, ಅದರ ಹಿಂದೆ ಮುಂದೆ ಇನಿಶಿಯಲ್ಲು, ಅಡ್ಡಹೆಸರು ಎಲ್ಲ ಹಚ್ಚಿ, "ಅವರು ಅದಾರೇನ್ರೀ?" ಅಂದಳು.

"ಇಲ್ರೀ, ರಾಂಗ್ ನಂಬರ್ ಅದ" ಅಂದು ಕಟ್ ಮಾಡಿದೆ.

ಸೌಟು ತಿರುವುತ್ತ ತಿರುವುತ್ತ, ಈ ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲ ಅನಿಸಿತು. ಇನ್ನೊಮ್ಮೆ ತಿರುವಿದಾಗ ನೆನಪಾಯಿತು. ಅದು ನನ್ನದೇ ಹೆಸರು.

ತಪ್ಪು ನನ್ನದಲ್ಲ. ಗ್ಯಾಸಿನವನು ಯಜಮಾನರ ಹೆಸರು ಹೇಳುತ್ತಾನೆ. ಶಾಲೆಯವರು "ಅವರ ಮಮ್ಮಿ" ಅನ್ನುತ್ತಾರೆ. ಅತ್ತೆ "ಯವ್ವಾ" ಅನ್ನುತ್ತಾರೆ. ಯಜಮಾನರು "ಇಲ್ನೋಡು" ಅನ್ನುತ್ತಾರೆ. ಗಾಜಿಪುರದ ನಮ್ಮ ಓಣಿಯಲ್ಲಿ ನನ್ನ ಪೂರ್ತಿ ಹೆಸರು ಗೊತ್ತಿರುವುದು ರೇಷನ್ ಕಾರ್ಡಿಗೆ ಮಾತ್ರ.

ಗಾಬರಿಯಿಂದ ಅದೇ ನಂಬರಿಗೆ ತಿರುಗಿ ಹಚ್ಚಿದೆ. ಶಾಲೆಯ ಆಫೀಸಿನ ಹೆಣ್ಣುಮಗಳೇ ಎತ್ತಿದಳು.

"ಈಗ ಫೋನ್ ಮಾಡಿದ್ದೆ ಮೇಡಮ್. ಯಾರೋ ರಾಂಗ್ ನಂಬರ್ ಅಂತ ಇಟ್ಟೇಬಿಟ್ರಲ್ರೀ?"

"ನಮ್ಮ ಮನಿ ಕೆಲಸದಾಕಿರೀ" ಅಂದೆ. ಬೇರೆ ಏನೂ ಹೊಳೆಯಲಿಲ್ಲ.

"ಭಾಳ ಜೋರ ಅದಾಳ್ರೀ ಆಕಿ."

"ಏನ್ ಮಾಡೋದ್ರೀ, ಹನ್ನೆರಡು ವರ್ಷದಿಂದ ಅದಾಳ. ಬಿಡಸ್ಲಾಕೂ ಬರಂಗಿಲ್ಲ" ಅಂದೆ.

ಬಾಗಿಲ ಹೊರಗೆ

ಇಂಟರ್‌ವ್ಯೂಗೆ ಕರೆದಿದ್ದಾರೆ ಅಂದಕೂಡಲೇ ನಮ್ಮ ಯಜಮಾನರು ನನ್ನನ್ನು ತಯಾರು ಮಾಡುವ ಜವಾಬ್ದಾರಿ ಹೊತ್ತರು. ಅವರು ತೊಗರಿಬೇಳೆ ಮಿಲ್ಲಿನಲ್ಲಿ ಮ್ಯಾನೇಜರು. ಹಮಾಲರನ್ನು ಕೆಲಸಕ್ಕೆ ಹಚ್ಚಿಕೊಳ್ಳುವವರು ಅವರೇ. ಹೀಗಾಗಿ ಇಂಟರ್‌ವ್ಯೂ ಅಂದರೆ ಏನು ಅಂತ ತಮಗೆ ಪೂರಾ ಗೊತ್ತು ಅಂದರು.

ಭಾನುವಾರ ಲುಂಗಿಯ ಮೇಲೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂತರು. ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ನಾನು ಬಾಗಿಲು ಬಡಿದು, "ಮೇ ಐ ಕಮಿನ್ ಸರ್?" ಅನ್ನಬೇಕು. ಒಳಗಿಂದ, "ಕೇಳಿಸ್ಲಿಲ್ಲ, ಜೋರಾಗಿ" ಅಂತ ಬಂತು. ಜೋರಾಗಿ ಅಂದೆ. ಪಕ್ಕದ ಮನೆಯ ಖಾಲಾ ಮಾಳಿಗೆಯ ಮೇಲೆ ಬಟ್ಟೆ ಒಣಗಹಾಕುತ್ತಿದ್ದವರು ಬಗ್ಗಿ ನೋಡಿದರು. ನಾನು ನನ್ನ ಮನೆಯ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಬೇಡಿಕೊಳ್ಳುವುದು ಕಂಡು ಅವರ ಕೈಯಲ್ಲಿದ್ದ ಬಟ್ಟೆಯ ಕ್ಲಿಪ್ಪು ಕೆಳಗೆ ಬಿತ್ತು.

"ಕ್ಯಾ ಹುವಾ ಬೇಟಿ? ಘರ್ ಸೇ ನಿಕಾಲ್ ದಿಯಾ ಕ್ಯಾ?"

ಇಲ್ಲ ಖಾಲಾ, ಮನೆಯಿಂದ ಹೊರಗೆ ಹಾಕಿಲ್ಲ, ಪ್ರಾಕ್ಟೀಸು ಅಂದೆ. ಅವರು ನಂಬಲಿಲ್ಲ.

ಕೊನೆಗೆ ಒಳಗೆ ಬಿಟ್ಟರು. ಮೊದಲ ಪ್ರಶ್ನೆ, "ಕುಡಿಯೋ ಚಟ ಅದ ಏನು?" ಎರಡನೆಯದು, "ಎಷ್ಟು ಕೇಜಿ ಎತ್ತೀರಿ?" ಶಾಲೆಯದು ಕೇಳ್ರಿ ಅಂದೆ. ವಿಚಾರ ಮಾಡಿ, "ಮೊದಲಿನ ನೌಕರಿ ಯಾಕ ಬಿಟ್ರಿ?" ಅಂದರು.

"ನಮ್ಮ ಯಜಮಾನರು ಬಿಡು ಅಂದ್ರು ಸರ್."

"ನಾ ಎಲ್ಲಿ ಅಂದೆ? ನಿಮ್ಮವ್ವ ಅಂದ್ರು!"

"ಸರ್, ಕ್ಯಾಂಡಿಡೇಟ್ ತವರುಮನಿ ಸುದ್ದಿ ತೆಗೀಬಾರ್ದು."

ಸಾಹೇಬರು ಎದ್ದು ನಿಂತು, "ನಿಮಗ ಸಿಟ್ಟು ಭಾಳ ಅದ. ರಿಜೆಕ್ಟ್" ಅಂದರು.

ಆಗಲಿ ಅಂದೆ. ಅವತ್ತು ಸಂಜೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಲಿಲ್ಲ. ಊಟದ ಹೊತ್ತು ಮೀರಿದಮೇಲೆ ಸಾಹೇಬರು ಅಡುಗೆಮನೆಯ ಬಾಗಿಲಿಗೆ ಬಂದು, ಮೆಲ್ಲಗೆ ಬಡಿದು, "ಮೇ ಐ ಕಮಿನ್?" ಅಂದರು.

ವಿಚಾರಣೆ

ನಮ್ಮ ಅತ್ತೆಯವರಿಗೆ ಜೀವನದಲ್ಲಿ ಗೊತ್ತಿದ್ದ ಇಂಟರ್‌ವ್ಯೂ ಒಂದೇ, ಅವರನ್ನು ನೋಡಲು ಗಂಡಿನ ಕಡೆಯವರು ಬಂದದ್ದು. ಹೀಗಾಗಿ ಅವರು ಕೊಟ್ಟ ಸಲಹೆಯೆಲ್ಲ ಆ ಲೆಕ್ಕದಲ್ಲೇ ಇತ್ತು.

"ಕೇಳಿದ್ದಕ್ಕಷ್ಟೇ ಹೇಳು. ಹಲ್ಲು ಕಾಣಂಗ ನಗಬ್ಯಾಡ. ನಡದು ತೋರ್ಸು ಅಂದ್ರ ಸಾವಕಾಶ ನಡಿ."

"ಅತ್ತಿ, ಅಲ್ಲಿ ನಡದು ತೋರ್ಸು ಅನ್ನಂಗಿಲ್ರೀ."

"ನಿನಗೇನ್ ಗೊತ್ತು? ನಮ್ಮ ಕಾಲದಾಗೂ ಅಂದಿರ್ಲಿಲ್ಲ. ನೀರು ತರಾಕ ಕಳಿಸಿ ಹಿಂದಿಂದ ನೋಡಿದ್ರು."

ಅಷ್ಟಕ್ಕೇ ಬಿಡಲಿಲ್ಲ. "ಅವರು ನಮ್ಮನ್ನ ನೋಡ್ತಾರ, ಸರಿ. ನಾವೂ ಅವರನ್ನ ನೋಡ್ಬೇಕಲ್ಲ? ಮನೆತನ ಹೆಂಗಂತ ವಿಚಾರಸಿರೇನು?" ಅಂದರು. ಶಾಲೆಗೆ ಮನೆತನ ಎಲ್ಲಿಯದು ಅಂತ ನಾವು ನಕ್ಕೆವು. ಅವರು ನಗಲಿಲ್ಲ. ಕಮಲಾಪುರದಲ್ಲಿದ್ದ ತಮ್ಮ ದೂರದ ತಂಗಿಗೆ ಫೋನ್ ಹಚ್ಚಿಸಿಕೊಂಡು, ಕೋಣೆಯ ಬಾಗಿಲು ಎಳೆದುಕೊಂಡು, ಬಹಳ ಹೊತ್ತು ಮಾತಾಡಿದರು.

ಹೊರಗೆ ಬಂದು ವರದಿ ಒಪ್ಪಿಸಿದರು. "ಸಾಲಿ ಅಧ್ಯಕ್ಷರ ಮನೆತನ ಛಲೋ. ಕೆಂಪು ಬಾಳಿ ತೋಟ ಅದ. ಸ್ವಂತ ಬೋರ್. ಅವರು ಸ್ವಲ್ಪ ಸಿಡುಕಂತ, ಆದ್ರ ಮನಸ್ಸಿನಾಗ ಇಟ್ಕೊಳ್ಳಂಗಿಲ್ಲ. ತಾಯಿ ಇನ್ನೂ ಗಟ್ಟಿ ಅದಾರ, ಮನ್ಯಾಗ ಅವರ ಮಾತು ನಡೀತದ."

"ಮತ್ತ ಏನ್ ಮಾಡೂಣ?" ಅಂತ ಯಜಮಾನರು ಕೇಳಿದರು.

ಅತ್ತೆ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು ಮಡಚಿದರು.

"ಕೊಡಬೋದು" ಅಂದರು.

ಹಳೇ ಬ್ಲೌಸು

ಶಾಲೆಗೆ ಹೋಗುವಾಗ ಉಡುತ್ತಿದ್ದ ಬೂದು ಬಣ್ಣದ ಇಳಕಲ್ ಸೀರೆ ಟ್ರಂಕಿನಲ್ಲಿ ಹಾಗೇ ಇತ್ತು. ಸೀರೆಗೇನು, ಯಾವ ವರ್ಷದಲ್ಲಾದರೂ ಸುತ್ತಿಕೊಳ್ಳಬಹುದು. ಬ್ಲೌಸು ಮಾತ್ರ ತೋಳಿನಿಂದ ಮುಂದಕ್ಕೆ ಬರಲಿಲ್ಲ. ಓಣಿಯ ಕೊನೆಯ ಟೇಲರ್ ಭಾಯಿಗೆ ಒಯ್ದು, ಸ್ವಲ್ಪ ಬಿಚ್ಚಿ ಕೊಡ್ರಿ ಅಂದೆ.

ಅವರು ಬ್ಲೌಸನ್ನು ಬೆಳಕಿಗೆ ಹಿಡಿದು, ಒಳಗಿನ ಹೊಲಿಗೆ ನೋಡಿ, ನನ್ನನ್ನು ನೋಡಿ, ಮತ್ತೆ ಬ್ಲೌಸು ನೋಡಿದರು. ಒಳ್ಳೆಯ ಮನುಷ್ಯರು. ಮನಸ್ಸು ನೋಯಿಸಬಾರದು ಅನ್ನುವವರು.

"ಆಗ್ತದ್ರೀ ಬೆಹೆನ್" ಅಂದರು. "ನಿಮ್ಮ ಮಗಳನ್ನ ಕಳಸ್ರಿ, ಅಳತಿ ತಗೋತೀನಿ."

ಜೀರ್ಣಕ್ರಿಯೆ

ಇಂಟರ್‌ವ್ಯೂಗೆ ಮೊದಲು ಒಂದು ಡೆಮೊ ಪಾಠ ಮಾಡಬೇಕು ಅಂತ ಶಾಲೆಯವರು ಹೇಳಿದ್ದರು. ಏಳನೇ ಕ್ಲಾಸಿಗೆ, ಜೀರ್ಣಕ್ರಿಯೆ. ಮಕ್ಕಳ ಮುಂದೆ ನಿಂತು ಅಷ್ಟು ವರ್ಷವಾಗಿತ್ತು. ನಾಲಿಗೆ ಹೊರಳುತ್ತದೋ ಇಲ್ಲವೋ ಅನ್ನುವ ಹೆದರಿಕೆ. ಮನೆಯಲ್ಲೇ ಒಮ್ಮೆ ಮಾಡಿ ನೋಡೋಣ ಅಂತ ಅಲ್ಮೇರಾದ ಮೇಲೆ ಹೊಟ್ಟೆಯ ಚಾರ್ಟು ತೂಗುಹಾಕಿ, ಕೋಲಿನ ಬದಲು ಲಟ್ಟಣಿಗೆ ಹಿಡಿದು ನಿಂತೆ. ವಿದ್ಯಾರ್ಥಿಗಳು ಅತ್ತೆ, ಪಕ್ಕದ ಮನೆಯ ಖಾಲಾ, ಮತ್ತು ತಾಜಸುಲ್ತಾನಪುರದಿಂದ ಕಾಯಿಪಲ್ಲೆ ಮಾರಲು ಬರುವ ಅಮ್ಮ. ಅಮ್ಮ ಬುಟ್ಟಿ ಇಳಿಸಿ, ನೆರಳು ಸಿಕ್ಕಿತಲ್ಲ ಅಂತ ಕೂತಿದ್ದರು.

"ನಾವು ತಿಂದ ಆಹಾರ ಅನ್ನನಾಳದಿಂದ ಇಳಿದು ಇಲ್ಲಿ ಜಠರಕ್ಕೆ ಬರುತ್ತದೆ" ಅಂತ ಲಟ್ಟಣಿಗೆಯಿಂದ ತೋರಿಸಿದೆ.

"ಬಸ್, ವಹೀಂಚ್!" ಅಂತ ಖಾಲಾ ಎದೆಯ ಕೆಳಗೆ ಕೈ ಇಟ್ಟುಕೊಂಡರು. "ಮೇರೇಕೂ ವಹೀಂಚ್ ಜಲತಾ ಬೇಟಿ. ಅಲ್ಲೇ ಉರಿ ಉರಿ."

"ಅದು ಬದನಿಕಾಯಿ ತಿಂದಿದ್ದಕ್ಕ" ಅಂದರು ಅತ್ತೆ.

"ಬದನಿಕಾಯಿಗೆ ಏನೂ ಅನಬ್ಯಾಡ್ರಿ, ನಂದು ಹೊಲದ್ದು" ಅಂದರು ಪಲ್ಲೆಯ ಅಮ್ಮ.

ಸುಮ್ಮನಿರ್ರಿ, ಪಾಠ ನಡೆದಿದೆ ಅಂದೆ. ಸಣ್ಣ ಕರುಳಿಗೆ ಬಂದೆ. ಇದು ಸುರುಳಿ ಸುತ್ತಿಕೊಂಡಿರುತ್ತದೆ, ಬಿಚ್ಚಿದರೆ ಸುಮಾರು ಇಪ್ಪತ್ತು ಅಡಿ ಅಂದೆ. ಪಲ್ಲೆಯ ಅಮ್ಮ ಚಾರ್ಟನ್ನು ದಿಟ್ಟಿಸಿ ನೋಡಿ, "ನಮ್ಮ ಮನಿಯವ್ರದು ಇನ್ನೂ ಉದ್ದ ಇರಬೇಕ್ರೀ. ಎಷ್ಟು ಹಾಕಿದ್ರೂ ಮುಟ್ಟಂಗಿಲ್ಲ" ಅಂದರು.

ಕೊನೆಗೆ ನಿಯಮದಂತೆ, "ಯಾರಿಗಾದರೂ ಡೌಟ್ ಇದೆಯಾ?" ಅಂದೆ. ಮೂವರೂ ಕೈ ಎತ್ತಿದರು. ಒಬ್ಬರದು ಎದೆ ಉರಿ, ಒಬ್ಬರದು ಮಲಬದ್ಧತೆ, ಒಬ್ಬರದು ಹೇಳಲು ಬಾರದ್ದು. ನಾನು ಡಾಕ್ಟರಲ್ಲ ಅಂತ ತಿಳಿಸಿ ಹೇಳಿ ಕಳಿಸುವಷ್ಟರಲ್ಲಿ ಗಂಟಲು ಒಣಗಿತು.

ಮರುದಿನ ಮುಂಜಾನೆ ಖಾಲಾ ತಮ್ಮ ತಂಗಿಯನ್ನು ಕರೆದುಕೊಂಡು ಬಂದರು. ತಂಗಿಯ ಕೈಯಲ್ಲಿ ಸ್ಕ್ಯಾನಿಂಗ್ ರಿಪೋರ್ಟ್ ಇತ್ತು.

ಅಪಾರ್ಚುನಿಟಿ

ಇಂಟರ್‌ವ್ಯೂದ ದಿನ ಮನೆಮಂದಿಯೆಲ್ಲ ಬಾಗಿಲಿಗೆ ಬಂದು ಕಳಿಸಿಕೊಟ್ಟರು. ಅತ್ತೆ ನನ್ನ ಕೈಯಲ್ಲಿ ಮೊಸರು ಸಕ್ಕರೆ ಹಾಕಿ, "ನೌಕರಿ ಸಿಗಲಿ ಬಿಡಲಿ, ಬಾಳೆಹಣ್ಣು ತಗೊಂಡ ಬಾ" ಅಂತ ಆಶೀರ್ವಾದ ಮಾಡಿದರು.

ಕಮಲಾಪುರದ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮಗಳು ಬರೆದುಕೊಟ್ಟಿದ್ದ ಇಂಗ್ಲಿಷ್ ಮಾತುಗಳನ್ನು ಕಣ್ಣು ಮುಚ್ಚಿ ಬಾಯಿಪಾಠ ಮಾಡುತ್ತಿದ್ದೆ. ಗುಡ್ ಮಾರ್ನಿಂಗ್ ಸರ್ ಆಯಿತು. ನನ್ನ ಹೆಸರಾಯಿತು, ಈ ಸಲ ಸರಿಯಾಗಿ. ಕೊನೆಯ ಸಾಲಿಗೆ ಬಂದಾಗ ಯಾರೋ ಎದುರು ನಿಂತ ಹಾಗಾಯಿತು. ಕಣ್ಣು ತೆರೆದವಳೇ, ನಿಂತವರ ಮುಖ ನೋಡಿ, ಸ್ಪಷ್ಟವಾಗಿ, "ಥ್ಯಾಂಕ್ಯೂ ಫಾರ್ ಗಿವಿಂಗ್ ಮಿ ದಿಸ್ ಅಪಾರ್ಚುನಿಟಿ ಸರ್" ಅಂದೆ.

ಕಂಡಕ್ಟರ್ ನನ್ನ ಕೈಯಲ್ಲಿದ್ದ ಆಧಾರ್ ಕಾರ್ಡು ನೋಡಿ, ಹೆಂಗಸರ ಪುಕ್ಕಟೆ ಟಿಕೆಟ್ ಹರಿದು ಕೊಟ್ಟರು.

"ನಂದೇನದ್ರೀ ಅಕ್ಕೋರ, ಸರ್ಕಾರ ಕೊಟ್ಟದ" ಅಂದರು.

ಕೆಳಗಿಡು

ಶಾಲೆ ಚಿಕ್ಕದು, ಅಂಗಳ ದೊಡ್ಡದು. ಡೆಮೊ ಪಾಠ ನಾನು ಹೆದರಿದ್ದಷ್ಟು ಕೆಡಲಿಲ್ಲ. ಮೊದಲ ಎರಡು ಮಾತು ಮಕ್ಕಳಿಗಲ್ಲ, ಚಾರ್ಟಿಗೆ ಹೇಳಿದೆ. ಆಮೇಲೆ ಹಿಂದಿನ ಬೆಂಚಿನ ಒಬ್ಬಳು ಆಕಳಿಸಿದಳು, ನಾನು ಅವಳನ್ನೇ ಎಬ್ಬಿಸಿ ಬಾಯಿ ತೆಗೆಸಿ ಹಲ್ಲಿನಿಂದ ಪಾಠ ಶುರು ಮಾಡಿದೆ. ಎಲ್ಲರೂ ನಕ್ಕರು, ನನಗೂ ಹಳೆಯ ಹುರುಪು ಬಂತು. ಮಕ್ಕಳ್ಯಾರೂ ತಮ್ಮ ರೋಗ ಹೇಳಲಿಲ್ಲ, ಅದೇ ದೊಡ್ಡದು ಅನಿಸಿತು.

ಆಮೇಲೆ ಇಂಟರ್‌ವ್ಯೂ. ಮೇಜಿನ ಆ ಕಡೆ ಮೂವರು. ನಡುವೆ ದೊಡ್ಡ ಮೀಸೆಯ ಅಧ್ಯಕ್ಷರು, ಬಲಕ್ಕೆ ಹೆಡ್ ಮೇಡಮ್, ಎಡಕ್ಕೆ ಕಮಿಟಿಯ ಒಬ್ಬ ಹಿರಿಯರು. ಹೆಡ್ ಮೇಡಮ್ ವಿಷಯದ ಮೇಲೆ ನಾಲ್ಕಾರು ಪ್ರಶ್ನೆ ಕೇಳಿದರು. ಹೇಳಿದೆ. ಆಗ ಅಧ್ಯಕ್ಷರು, "ಹನ್ನೆರಡು ವರ್ಷ ಮನ್ಯಾಗ ಏನ್ ಮಾಡಿದ್ರಿ?" ಅಂದರು.

ಇದೇ ಪ್ರಶ್ನೆಗೆ ನಾನು ವಾರಗಟ್ಟಲೆ ಹೆದರಿದ್ದೆ. ಉತ್ತರವನ್ನು ಅಡುಗೆಮನೆಯಲ್ಲಿ ಕಟ್ಟಿ, ಒಡೆದು, ಮತ್ತೆ ಕಟ್ಟಿದ್ದೆ. "ಎರಡು ಮಕ್ಕಳನ್ನ ಬೆಳಸಿದ್ನಿರೀ" ಅಂತ ಶುರು ಮಾಡಿದೆ. ಅವರು ಆಗಲೇ ಫೋನ್ ಎತ್ತಿಕೊಂಡಿದ್ದರು. ಬಾಳೆಹಣ್ಣಿನ ಲಾರಿಯ ಫೋಟೋ ಬಂದಿತ್ತೋ ಏನೋ, ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತಿದ್ದರು. ನಾನು ಮಾತು ಮುಂದುವರಿಸಿದೆ. ಫೋನಿನೊಳಗಿಂದ ಒಂದು ಹಾಡು ಶುರುವಾಯಿತು. ಅವರು ನಿಲ್ಲಿಸಲಿಲ್ಲ, ತಲೆದೂಗತೊಡಗಿದರು.

ಮುಂದೆ ಆದದ್ದನ್ನು ನಾನು ಮಾಡಿದೆ ಅನ್ನುವುದಕ್ಕಿಂತ ನನ್ನ ಬಾಯಿ ಮಾಡಿತು ಅನ್ನಬೇಕು. ಮನೆಯಲ್ಲಿ ದಿನಕ್ಕೆ ಎಷ್ಟೋ ಸಲ ಅಂದು ಅಂದು ಅದಕ್ಕೆ ರೂಢಿಯಾಗಿಬಿಟ್ಟಿದೆ.

"ಫೋನ್ ಕೆಳಗಿಡು" ಅಂದೆ. "ಮಾತಾಡೋವಾಗ ಮುಖ ನೋಡು."

ಅಧ್ಯಕ್ಷರು ಫೋನ್ ಕೆಳಗಿಟ್ಟರು. ಬೋರಲಾಗಿ ಇಟ್ಟರು. ಎಡಗಡೆಯ ಹಿರಿಯರು ತಮ್ಮ ಅಂಗಿಯ ಕಿಸೆಯಿಂದ ತಮ್ಮದನ್ನೂ ತೆಗೆದು, ಅದರ ಪಕ್ಕಕ್ಕೆ ಇಟ್ಟು, ಕೈ ಕಟ್ಟಿಕೊಂಡರು.

ಹೆಡ್ ಮೇಡಮ್ ಪೆನ್ನು ಕೆಳಗೆ ಬೀಳಿಸಿ ಅದನ್ನು ಹುಡುಕಲು ಮೇಜಿನ ಕೆಳಗೆ ಹೋದವರು ಬೇಗ ಮೇಲೆ ಬರಲಿಲ್ಲ. ಅವರ ಬೆನ್ನು ಅಲುಗುವುದು ಕಾಣುತ್ತಿತ್ತು. ಇಷ್ಟು ವರ್ಷದ ಮೇಲೆ ಬಾಗಿಲತನಕ ಬಂದು, ಒಂದು 'ರೀ' ಹಚ್ಚುವುದು ಮರೆತು ಎಲ್ಲ ಕಳಕೊಂಡೆನಲ್ಲ ಅನಿಸಿ ಕಣ್ಣು ತುಂಬಿದವು. ತಿರುಗಿ ಹೋಗುವ ಬಸ್ಸು ಎಷ್ಟಕ್ಕಿದೆ ಅಂತ ನೆನಪು ಮಾಡಿಕೊಳ್ಳತೊಡಗಿದೆ.

ಅಧ್ಯಕ್ಷರು ಕುರ್ಚಿಯಲ್ಲಿ ನೆಟ್ಟಗಾಗಿ, ಮೀಸೆ ಒರೆಸಿಕೊಂಡು, "ಹಾಂ, ಮುಂದ ಹೇಳ್ರಿ" ಅಂದರು.

ಹೇಳಿದೆ. ಮಗಳಿಗೆ ಗಣಿತ ಕಲಿಸಿದ್ದು, ಮಗನ ತೊದಲು ಬಿಡಿಸಿದ್ದು, ನಡುನಡುವೆ ವಿಜ್ಞಾನದ ಹೊಸ ಪುಸ್ತಕ ತರಿಸಿ ಓದಿದ್ದು. ಕಟ್ಟಿಕೊಂಡು ಬಂದ ಇಂಗ್ಲಿಷ್ ಒಂದೂ ನೆನಪಿಗೆ ಬರಲಿಲ್ಲ. ಮೂವರೂ ನನ್ನ ಮುಖದಿಂದ ಕಣ್ಣು ಕದಲಿಸದೆ ಕೇಳಿದರು. ಮುಗಿದಮೇಲೆ ಅಧ್ಯಕ್ಷರು ಹೆಡ್ ಮೇಡಮ್ ಕಡೆ ತಿರುಗಿ, "ಹತ್ತನೇ ಕ್ಲಾಸ್ ಹುಡುಗ್ರಿಗೂ ಇವರನ್ನೇ ಹಾಕ್ರಿ. ನಮ್ಮ ಮಾತು ಯಾರೂ ಕೇಳಂಗಿಲ್ಲ" ಅಂದರು. ನನ್ನ ಕಡೆ ತಿರುಗಿ, "ಸೋಮವಾರದಿಂದ ಬರ್ತೀರೇನ್ರೀ?" ಅಂದರು.

ಹೂಂ ಅಂದೆನೋ ತಲೆ ಅಲ್ಲಾಡಿಸಿದೆನೋ ಗೊತ್ತಿಲ್ಲ. ಹೆಡ್ ಮೇಡಮ್ ನೇಮಕದ ಕಾಗದವನ್ನು ಸಹಿಗಾಗಿ ಅಧ್ಯಕ್ಷರ ಮುಂದೆ ಸರಿಸಿದರು. ಅವರು ಪೆನ್ನು ಹಿಡಿದವರು ಬರೆಯದೆ ತಡೆದರು. ಎಡಗೈ ಬೆರಳು ಮೆಲ್ಲಗೆ ಫೋನಿನ ಅಂಚಿಗೆ ಹೋಯಿತು. ನನ್ನ ಮುಖ ನೋಡಿದರು.

"ಮೇಡಮ್, ಈಗ ತಗೋಬೋದೇನ್ರೀ?"

ಬಾಯಿ ತನ್ನ ರೂಢಿಯನ್ನು ಬಿಡಲಿಲ್ಲ. ಆದರೆ ಈ ಸಲ ನಾನು ಅದಕ್ಕೆ ಮರ್ಯಾದೆ ಹಚ್ಚಿ ಕಳಿಸಿದೆ.

"ಮೊದ್ಲು ಬರಿಯೋದು ಮುಗಸ್ರಿ" ಅಂದೆ.

ಅವರು ಸಹಿ ಮಾಡಿದರು. ಕೆಳಗೆ ತಾರೀಖು ಹಾಕಿದರು. ಆಮೇಲೆ ಕಾಗದವನ್ನು ತಿರುಗಿಸಿ, ಸರಿ ಇದೆಯೋ ಇಲ್ಲವೋ ಅಂತ ನನಗೆ ತೋರಿಸಿದರು.